15% ಸಿಲಿಕಾನ್ ಕಾರ್ಬೈಡ್ ಹಾಕಿದ ಮೇಲೆ ಫಟೀಗ್ ಆಯುಷ್ಯ ಇಳಿದಿದೆ, ಎಲ್ಲಿ ತಪ್ಪಿದ್ದೇವೆ?

ಕೊನೇಸೆಮ್

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್, ಎಂಟನೇ ಸೆಮ್. ನಾಲ್ಕು ಜನರ ಪ್ರಾಜೆಕ್ಟ್: 6061 ಅಲ್ಯೂಮಿನಿಯಂಗೆ ಸಿಲಿಕಾನ್ ಕಾರ್ಬೈಡ್ ಪುಡಿ ಬೆರೆಸಿ ಸ್ಟಿರ್ ಕಾಸ್ಟಿಂಗ್. ತೂಕದ ಲೆಕ್ಕದಲ್ಲಿ 0, 5, 10, 15%. ಪುಡಿ 220 ಮೆಶ್, ಅಂದ್ರೆ 60 ಮೈಕ್ರಾನ್ ಆಸುಪಾಸು. 750 ಡಿಗ್ರಿಯಲ್ಲಿ ಹತ್ತು ನಿಮಿಷ ಕಲಕಿ, ಬಿಸಿ ಮಾಡಿಟ್ಟ ಬೀಡುಕಬ್ಬಿಣದ ಡೈಗೆ ಸುರಿದು 20 ಮಿ.ಮೀ. ಸರಳು ತೆಗೆದ್ವಿ. ಎಲ್ಲಕ್ಕೂ ಒಂದೇ ಟಿ6 (ಕಾಯಿಸಿ, ನೀರಿಗೆ ಅದ್ದಿ, ಆಮೇಲೆ ಸಣ್ಣ ಬಿಸಿಯಲ್ಲಿಟ್ಟು ಗಡುಸು ಮಾಡೋದು): 175 ಡಿಗ್ರಿ, 8 ಗಂಟೆ.

ಗಡಸುತನ ಚೆನ್ನಾಗಿ ಏರಿದೆ. ಟೆನ್ಸೈಲ್ ಕೂಡ 10% ತನಕ ಏರಿದೆ. ಆದ್ರೆ ಫಟೀಗ್, ಅಂದ್ರೆ ಮತ್ತೆ ಮತ್ತೆ ಭಾರ ಬಿದ್ದು ದಣಿಯೋದು, ನೋಡೋಕೆ ರೋಟೇಟಿಂಗ್ ಬೆಂಡಿಂಗ್ ಯಂತ್ರದಲ್ಲಿ (ಬಾಗಿಸಿಟ್ಟು ತಿರುಗಿಸೋದು) 100 ಎಂಪಿಎ ಒತ್ತಡಕ್ಕೆ 15%ನ ಒಂದು ಸ್ಯಾಂಪಲ್ 38 ಸಾವಿರ ಸುತ್ತಿಗೇ ಮುರೀತು, ಅದೇ ಬ್ಯಾಚಿನ ಇನ್ನೊಂದು 9 ಲಕ್ಷ ದಾಟಿತು. ಏನೂ ಬೆರೆಸದ 6061 ಇದಕ್ಕಿಂತ ನೆಟ್ಟಗಿದೆ! ಓದಿದ ಕಡೆಯೆಲ್ಲ "ಕಣ ಸೇರಿಸಿದರೆ ಫಟೀಗ್ ಬಲ ಹೆಚ್ಚುತ್ತದೆ" ಅಂತಲೇ ಇದೆ. ಗೈಡ್ ಯಂತ್ರವೇ ಸರಿಯಿಲ್ಲ ಅಂತಾರೆ. ಜೊತೆಯವನು ಹೇಳೋದು, 20% ಹಾಕಿ ನೋಡೋಣ ಅಂತ. ಮುಂದಿನ ತಿಂಗಳು ವೈವಾ. ದಾರಿ ತೋರಿಸಿ.

ಅನುಮಾನಿ

ಒಂದೊಂದು ಮಟ್ಟಕ್ಕೆ ಎಷ್ಟು ಸ್ಯಾಂಪಲ್ ಮುರಿದ್ರಿ?

ಕೊನೇಸೆಮ್

ಮೂರು ಸಾರ್.

ಅನುಮಾನಿ

ಹಾಗಾದ್ರೆ "ಇಳಿದಿದೆ" ಅಂತಲೂ ಹೇಳೋಕಾಗಲ್ಲ, "ಏರಿದೆ" ಅಂತಲೂ ಹೇಳೋಕಾಗಲ್ಲ. ಮೂರು ಸ್ಯಾಂಪಲ್ಲಿನ ಸರಾಸರಿ ಇಟ್ಟುಕೊಂಡು ಗ್ರಾಫ್ ಎಳೆಯೋದು ನಮ್ಮ ಕಾಲೇಜುಗಳ ಹಳೇ ಕಾಯಿಲೆ. ಆಯುಷ್ಯವನ್ನು ಲಾಗ್‌ಗೆ ತಿರುಗಿಸಿ ಸರಾಸರಿ ತೆಗೆದ್ರಾ, ಇಲ್ಲ ಹಾಗೇ ಕೂಡಿಸಿ ಭಾಗಿಸಿದ್ರಾ?

ಕೊನೇಸೆಮ್

ಹಾಗೇ ಕೂಡಿಸಿ ಭಾಗಿಸಿದ್ವಿ 🙁

ಮೂಸೆಮನೆ

ತಮ್ಮಾ, ನಾ ಬೆಳಗಾವಿ ಕಡೆಯವ, ಎರಕದ ಕೆಲಸ. ಫಟೀಗ್ ಗಿಟೀಗ್ ನನಗ ಅಷ್ಟು ತಿಳಿಯಂಗಿಲ್ಲ, ಆದ್ರ ನಿನ್ನ ಕರಗಿಸಿದ ಕಥಿ ಕೇಳಿದ್ರ ಅರ್ಧ ಉತ್ತರ ಅಲ್ಲೇ ಐತಿ. ನಾಲ್ಕು ಮಾತು ಕೇಳ್ತೀನಿ. ಪುಡಿ ಬಿಸಿ ಮಾಡಿ ಹಾಕಿದ್ರೋ, ಹಂಗ ಚೀಲದಿಂದ ಸುರಿದ್ರೋ? ಮೆಗ್ನೀಸಿಯಂ ಹಾಕಿದ್ರೇನು? ಕಲಕೋ ರೆಕ್ಕಿ ಯಾವ ಲೋಹದ್ದು? ಕಲಕೋದು ನಿಲ್ಸಿದ ಮ್ಯಾಲೆ ಸುರಿಯಾಕ ಎಷ್ಟು ಹೊತ್ತು ಹಿಡೀತು?

ಕೊನೇಸೆಮ್

ಪುಡಿಯನ್ನ 300 ಡಿಗ್ರಿಗೆ ಅರ್ಧ ಗಂಟೆ ಇಟ್ಟಿದ್ವಿ. ಮೆಗ್ನೀಸಿಯಂ 1% ಹಾಕಿದ್ವಿ. ರೆಕ್ಕೆ ಮೈಲ್ಡ್ ಸ್ಟೀಲ್, ಲೇಪನ ಇಲ್ಲ. ಕಲಕೋದು ನಿಂತ ಮೇಲೆ ರೆಕ್ಕೆ ಎತ್ತಿ, ಕೊಳೆ ತೆಗೆದು, ಇಕ್ಕಳ ಹಿಡಿದು... ಒಂದು ನಿಮಿಷ ಆಗಿರಬಹುದು. ಕೊನೇ ಸರಳಿಗೆ ಎರಡು.

ಮೂಸೆಮನೆ

ಅಲ್ಲಿಗೆ ಮುಗೀತು. ನಮ್ಮ ಕಡೆ ಜುಣಕ ಮಾಡೋವಾಗ ಕಡ್ಲಿಹಿಟ್ಟು ಒಮ್ಮೆಲೆ ಸುರಿದ್ರ ಏನಾಗ್ತೈತಿ? ಗಂಟ ಕಟ್ತೈತಿ. ಹೊರಗ ಬೆಂದಿರ್ತೈತಿ, ಒಳಗ ಒಣ ಹಿಟ್ಟು. ಸಿಲಿಕಾನ್ ಕಾರ್ಬೈಡ್ ಗಂಟೂ ಹಂಗ. ಹೊರಗ ಅಲ್ಯೂಮಿನಿಯಂ ಸುತ್ತಿರ್ತೈತಿ, ಒಳಗ ಕಣದ ನಡುವ ಬರೇ ಗಾಳಿ. 300 ಡಿಗ್ರಿಗೆ ತೇವ ಹೋಗಬಹುದು, ಆದ್ರ ಕಣದ ಮ್ಯಾಲೆ ಆಕ್ಸೈಡ್ ಪೊರೆ ಬರಂಗಿಲ್ಲ. ಅದಕ್ಕ 900-1000 ಡಿಗ್ರಿ ಬೇಕು. ಆ ಪೊರೆ ಬಂದ್ರ ಮೆಗ್ನೀಸಿಯಂ ಅದನ್ನ ಹಿಡ್ಕೋತೈತಿ, ಕಣ ಒದ್ದಿ ಆಗ್ತೈತಿ.

ಇನ್ನ ಮೈಲ್ಡ್ ಸ್ಟೀಲ್ ರೆಕ್ಕಿ. ಕೆಲಸ ಮುಗಿದ ಮ್ಯಾಲೆ ರೆಕ್ಕಿ ತೂಕ ಮಾಡಿ ನೋಡ್ರಿ. ಕಡಿಮಿ ಆದ ಕಬ್ಬಿಣ ಎಲ್ಲಿ ಹೋತು? ನಿಮ್ಮ ಸರಳಿನಾಗೇ ಐತಿ.

ಗುಲಗಂಜಿ

ಮೂಸೆಮನೆಯವರು ಹೇಳಿದ್ದು ನೂರಕ್ಕೆ ನೂರು ಸರಿ. (ನಮ್ಮ ಕಡೆ ಇದೇ ಮಾತನ್ನು ರಾಗಿಮುದ್ದೆ ಗಂಟು ಅಂತ ಹೇಳ್ತೀವಿ. ಜುಣಕವೋ ಮುದ್ದೆಯೋ ಅನ್ನೋ ಜಗಳ ಬೇಡ.) ನಾನು ಇದೇ ವಸ್ತುಗಳ ಮೇಲೆ ಪಿಎಚ್‌ಡಿ ಮಾಡಿದವಳು, ಸ್ವಲ್ಪ ಉದ್ದ ಬರೀತೀನಿ.

ಆ ಕಬ್ಬಿಣ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಜೊತೆ ಸೇರಿ ಬೀಟಾ ಹಂತದ ತೆಳು ಹಲ್ಲೆಗಳಾಗುತ್ತೆ. ಮೈಕ್ರೋಸ್ಕೋಪಿನ ಕೆಳಗೆ ಸೂಜಿ ಚೆಲ್ಲಿದ ಹಾಗೆ ಕಾಣೋದು ಅದೇ. ಪೆಡಸು. ಅಲ್ಲಿಂದಲೂ ಬಿರುಕು ಹುಟ್ಟುತ್ತೆ. ಪ್ರಾಜೆಕ್ಟ್ ವರದಿಗಳಲ್ಲಿ ಸಿಲಿಕಾನ್ ಕಾರ್ಬೈಡನ್ನು ಮಾತ್ರ ಎಣಿಸ್ತಾರೆ, ಬೇಡದೆ ಬಂದ ಈ ಅತಿಥಿಯನ್ನು ಯಾರೂ ಎಣಿಸಲ್ಲ.

ಎರಡನೇದು, ಕಣ ತಳಕ್ಕಿಳಿಯೋದು. ಸಿಲಿಕಾನ್ ಕಾರ್ಬೈಡ್ ಸಾಂದ್ರತೆ 3.2, ಕರಗಿದ ಅಲ್ಯೂಮಿನಿಯಂದು 2.4 ಹತ್ತಿರ. ಸ್ಟೋಕ್ಸ್ ಸೂತ್ರಕ್ಕೆ 60 ಮೈಕ್ರಾನ್ ಹಾಕಿ ನೋಡಿ: ಒಂಟಿ ಕಣ ಸೆಕೆಂಡಿಗೆ ಸುಮಾರು 1.4 ಮಿ.ಮೀ. ಇಳಿಯುತ್ತೆ. ಒಂದು ನಿಮಿಷಕ್ಕೆ 8 ಸೆಂ.ಮೀ.! ಒತ್ತೊತ್ತಾಗಿ ಕಣ ಇದ್ದಾಗ ಒಂದನ್ನೊಂದು ತಡೆದು ಇಷ್ಟು ವೇಗ ಇರಲ್ಲ, ಆದರೂ ಮೊದಲ ಸರಳಿಗೂ ಕೊನೇ ಸರಳಿಗೂ ಒಂದೇ 15% ಇದೆ ಅಂತ ನಂಬೋದು ಕಷ್ಟ. ಅದೇ 10 ಮೈಕ್ರಾನ್ ಕಣವಾದ್ರೆ ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ 36 ಪಟ್ಟು ಕಡಿಮೆ. ಹಾಗಂತ ಸಣ್ಣ ಕಣ ಸುಲಭ ಅಂದುಕೊಳ್ಳಬೇಡಿ, ಅದು ಇಳಿಯೋದು ನಿಧಾನ, ಗಂಟು ಕಟ್ಟೋದು ಬೇಗ.

ಮೂರನೇದು, ಹೆಪ್ಪುಗಟ್ಟೋ ಹೊತ್ತಿನ ಆಟ. ಅಲ್ಯೂಮಿನಿಯಂ ಡೆಂಡ್ರೈಟ್ ಗಿಡದ ಕೊಂಬೆ ಥರ ಬೆಳೀತಾ ಕಣಗಳನ್ನು ತನ್ನೊಳಗೆ ಸೇರಿಸಿಕೊಳ್ಳದೆ ಮುಂದೆ ಮುಂದೆ ತಳ್ಳುತ್ತೆ. ಕೊನೆಗೆ ಎಲ್ಲಿ ದ್ರವ ಉಳಿದಿರುತ್ತೋ ಆ ಸಂದಿಗಳಲ್ಲಿ ಕಣ, ಕುಗ್ಗುವಿಕೆಯ ರಂಧ್ರ, ಕಬ್ಬಿಣದ ಹಲ್ಲೆ ಮೂರೂ ಒಟ್ಟಿಗೆ ಸೇರ್ತವೆ. ಬೇಗ ತಣಿಸಿದ್ರೆ ಕೊಂಬೆಗಳ ಅಂತರ ಸಣ್ಣದು, ಗುಂಪುಗಳೂ ಸಣ್ಣವು.

ಹಾಗಾಗಿ ನಿಮ್ಮ ಪ್ರಶ್ನೆ "15% ಇದ್ದೂ ಯಾಕೆ ಕಮ್ಮಿ" ಅಂತ ಇರಬಾರದು. ಟೆನ್ಸೈಲ್, ಗಡಸುತನ ಎಲ್ಲ ವಸ್ತುವಿನ ಸರಾಸರಿಯನ್ನು ಕೇಳೋ ಪರೀಕ್ಷೆಗಳು. ಫಟೀಗ್ ಸರಾಸರಿಯನ್ನು ಕೇಳಲ್ಲ. ಅದು ಸರಳಿನಲ್ಲಿರೋ ಅತಿ ಕೆಟ್ಟ ಒಂದೇ ಒಂದು ಜಾಗವನ್ನು ಹುಡುಕಿಕೊಂಡು ಹೋಗುತ್ತೆ. 38 ಸಾವಿರದ್ದು ಮತ್ತು 9 ಲಕ್ಷದ್ದು ಎರಡೂ ಒಂದೇ ವಸ್ತು, ಹುಳುಕು ಬೇರೆ ಬೇರೆ.

ಮುರಿದ ತುಂಡು ಇಟ್ಟಿದ್ದೀರಾ, ಎಸೆದ್ರಾ?

ಕೊನೇಸೆಮ್

ಇಟ್ಟಿದ್ದೀವಿ. ಆದ್ರೆ ಎರಡೂ ಭಾಗ ಜೋಡಿಸಿ "ಹಿಂಗೆ ಮುರೀತು" ಅಂತ ಗೆಳೆಯರಿಗೆ ತೋರಿಸ್ತಿದ್ವಿ...

ಗುಲಗಂಜಿ

ಅಯ್ಯೋ! ಮುರಿದ ಮುಖಗಳನ್ನು ಒಂದಕ್ಕೊಂದು ಉಜ್ಜಿಸಬೇಡಿ, ಸಾಕ್ಷಿ ಅಳಿಸಿ ಹೋಗುತ್ತೆ. ಇವತ್ತೇ ಬೇರೆ ಬೇರೆ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಜೊತೆ.

ತಿರುಗುಬಾಗು

ವಿಮಾನದ ಬಿಡಿಭಾಗಗಳ ಫಟೀಗ್ ಪರೀಕ್ಷೆಯಲ್ಲೇ ತಲೆ ನೆರೆದವನು ನಾನು, ಈಗ ನಿವೃತ್ತ. ಯಂತ್ರದ ಮೇಲೆ ಆರೋಪ ಹೊರಿಸುವ ಮುನ್ನ ಒಂದು ಡಯಲ್ ಗೇಜ್ ತನ್ನಿ. ಸ್ಯಾಂಪಲ್ ಹಿಡಿಸಿ ಕೈಯಲ್ಲಿ ಮೆಲ್ಲಗೆ ತಿರುಗಿಸಿ, ಮುಳ್ಳು ಎಷ್ಟು ಅಲ್ಲಾಡುತ್ತದೆ ನೋಡಿ. ಓಟ ಸರಿಯಿಲ್ಲದಿದ್ದರೆ ನೀವು ಹಾಕಿದ 100 ಎಂಪಿಎ ಕಾಗದದ ಮೇಲೆ ಮಾತ್ರ 100. ಐಎಸ್‌ಒ 1143 ಇರುವುದೇ ಈ ಪರೀಕ್ಷೆಗೆ, ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

ಇನ್ನೊಂದು ಸಂಗತಿ. ರೋಟೇಟಿಂಗ್ ಬೆಂಡಿಂಗ್‌ನಲ್ಲಿ ಒತ್ತಡ ಮೇಲ್ಮೈಯಲ್ಲಿ ಗರಿಷ್ಠ, ನಡುವೆ ಸೊನ್ನೆ. 8 ಮಿ.ಮೀ. ವ್ಯಾಸದ ಸ್ಯಾಂಪಲ್ ಅಂದುಕೊಳ್ಳಿ. ಒತ್ತಡ 90%ಕ್ಕಿಂತ ಹೆಚ್ಚಿರುವುದು ಹೊರಗಿನ 0.4 ಮಿ.ಮೀ. ಪದರದಲ್ಲಿ ಮಾತ್ರ, ಅದು ಅಡ್ಡಕೊಯ್ತದ 19%. ನಡುವೆ ಕಡಲೆಕಾಳಿನಷ್ಟು ರಂಧ್ರವಿದ್ದರೂ ಈ ಪರೀಕ್ಷೆ ಕಣ್ಣು ಮುಚ್ಚಿಕೊಂಡಿರುತ್ತದೆ, ಮೇಲ್ಮೈಯ ಒಂದು ಸಣ್ಣ ಗಂಟು ಸಿಕ್ಕರೆ ಬಿಡುವುದಿಲ್ಲ. ಎಳೆದು ತಳ್ಳುವ ಆಕ್ಸಿಯಲ್ ಪರೀಕ್ಷೆಯಲ್ಲಿ ಇಡೀ ಅಡ್ಡಕೊಯ್ತ ಪರೀಕ್ಷೆಗೆ ಒಳಗಾಗುತ್ತದೆ. ಆದ್ದರಿಂದ ಬೇರೆಯವರ ಆಕ್ಸಿಯಲ್ ಅಂಕಿಗಳ ಪಕ್ಕ ನಿಮ್ಮ ಅಂಕಿ ಇಟ್ಟು ಹೋಲಿಸಬೇಡಿ.

ಅಂದಹಾಗೆ, ಈ ಸ್ಟಿರ್ ಕಾಸ್ಟಿಂಗ್ ನಮಗೆ ಹೊರಗಿನಿಂದ ಬಂದ ವಿದ್ಯೆ ಅಂದುಕೊಂಡಿದ್ದರೆ ತಿದ್ದಿಕೊಳ್ಳಿ. ಎಂ.ಕೆ. ಸೂರಪ್ಪ ಮತ್ತು ಪ್ರದೀಪ್ ರೋಹಟ್ಗಿ 1981ರಲ್ಲಿ ಬರೆದ ಪ್ರಬಂಧವನ್ನು ಜಗತ್ತಿನೆಲ್ಲೆಡೆ ಇಂದಿಗೂ ಉಲ್ಲೇಖಿಸುತ್ತಾರೆ. ಸೂರಪ್ಪನವರು ಬಹುಕಾಲ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ (ಐಐಎಸ್‌ಸಿ) ಇದ್ದವರು.

ಸಾಣೆಕಲ್ಲು

ಶಿವಮೊಗ್ಗದಿಂದ. ಲೇತ್ ಕೆಲಸದವನು. ಒಂದು ಕೇಳಲೇ? ಸ್ಯಾಂಪಲ್ ಯಾವ ಟೂಲಿನಲ್ಲಿ ತಿರುವಿದ್ರಿ?

ಕೊನೇಸೆಮ್

ಕಾಲೇಜ್ ವರ್ಕ್‌ಶಾಪ್, ಕಾರ್ಬೈಡ್ ಇನ್ಸರ್ಟ್. ಎರಡು ಸರಳಿಗೇ ತುದಿ ಸವೆದು ಹೋಯ್ತು. ಹಾಗೇ ಮುಂದುವರಿಸಿದ್ವಿ.

ಸಾಣೆಕಲ್ಲು

ಅದೇ ನೋಡಿ. ಸಾಣೆಕಲ್ಲಿಗೆ ಹಾಕೋ ಪುಡಿಯನ್ನೇ ಅಲ್ಯೂಮಿನಿಯಂ ಒಳಗೆ ಹಾಕಿ, ಆಮೇಲೆ ಕಾರ್ಬೈಡ್ ತುದಿಯಿಂದ ಕೊಯ್ದ್ರೆ ತುದಿ ಉಳಿಯುತ್ತಾ? ಮೊಂಡ ತುದಿ ಕಣವನ್ನ ಕತ್ತರಿಸಲ್ಲ. ಕಿತ್ತು, ಮೇಲ್ಮೈಯಲ್ಲಿ ಎಳ್ಕೊಂಡು ಹೋಗುತ್ತೆ. ಕಿತ್ತ ಜಾಗ ಗುಂಡಿ, ಎಳೆದ ಜಾಗ ಗೀರು. ಅದೂ ಸುತ್ತಳತೆಗೆ ಗೀರು, ಬಿರುಕು ಬೇಕಾದ ದಿಕ್ಕಿಗೇ. ಪಿಸಿಡಿ, ಅಂದ್ರೆ ಕೃತಕ ವಜ್ರದ ತುದಿ ಬೇಕು ಇದಕ್ಕೆ. ಸಿಗದಿದ್ರೆ ಪ್ರತಿ ಸ್ಯಾಂಪಲ್ಲಿಗೂ ಹೊಸ ಅಂಚು, ಕೊನೇ ಕಟ್ ತೆಳ್ಳಗೆ, ಆಮೇಲೆ ಎಮೆರಿ ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಬೇಕು, ಸುತ್ತ ಅಲ್ಲ.

ನಿಮ್ಮ 0% ಸ್ಯಾಂಪಲ್ ಬೆಣ್ಣೆ ಹಾಗೆ ತಿರುವಿ ಬಂದಿರುತ್ತೆ. 15%ದು ಗೀಚಿ ಗೀಚಿ ಬಂದಿರುತ್ತೆ. ಎರಡನ್ನೂ ಹೋಲಿಸೋದು ಹೆಂಗೆ ಸ್ವಾಮಿ?

ಅನುಮಾನಿ

ಒಳ್ಳೇ ಮಾತು. ಇದನ್ನ ಯಾವ ವರದಿಯಲ್ಲೂ ಬರೆಯಲ್ಲ.

ಆದ್ರೆ ನನಗೊಂದು ಗೊಂದಲ ಇದೆ, ಗುಲಗಂಜಿಯವರಿಗೆ. ಸಣ್ಣ ಕಣ ಇದ್ರೆ ಫಟೀಗ್ ಬಲ ಜಾಸ್ತಿ ಅಂತ ಒಂದಿಷ್ಟು ಜನ. ದೊಡ್ಡ ಕಣ ಇದ್ರೆ ಬಿರುಕು ಬೆಳೆಯೋ ಥ್ರೆಶೋಲ್ಡ್ (ಬೆಳೆಯೋಕೆ ಶುರುವಾಗೋ ಮಿತಿ) ಜಾಸ್ತಿ ಅಂತ ಇನ್ನೊಂದಿಷ್ಟು ಜನ. ಇಬ್ಬರೂ ಒಳ್ಳೇ ಪತ್ರಿಕೆಗಳಲ್ಲೇ ಬರೆದಿದ್ದಾರೆ. ಇಬ್ಬರೂ ಸರಿ ಇರೋಕೆ ಹೇಗೆ ಸಾಧ್ಯ?

ಗುಲಗಂಜಿ

ಇಬ್ಬರೂ ಸರಿ. ಅವರು ಅಳೆಯೋದು ಒಂದೇ ಆಯುಷ್ಯದ ಎರಡು ಬೇರೆ ಕಾಲಗಳನ್ನು.

ನಯವಾದ ಸ್ಯಾಂಪಲ್ಲಿನ ಎಸ್-ಎನ್ ಪರೀಕ್ಷೆಯಲ್ಲಿ (ಎಷ್ಟು ಒತ್ತಡಕ್ಕೆ ಎಷ್ಟು ಸುತ್ತು ಬಾಳುತ್ತೆ ಅನ್ನೋದು), ಅದೂ ಕಡಿಮೆ ಒತ್ತಡದಲ್ಲಿ, ಆಯುಷ್ಯದ ದೊಡ್ಡ ಪಾಲು ಖರ್ಚಾಗೋದು ಬಿರುಕು ಹುಟ್ಟೋದಕ್ಕೆ ಮತ್ತು ಅದು ತೀರಾ ಪುಟ್ಟದಾಗಿರುವಾಗ. ಅಲ್ಲಿ ಸಣ್ಣ ಕಣ ಗೆಲ್ಲುತ್ತೆ. ಕಾರಣ ಎರಡು. ದೊಡ್ಡ ಸೆರಾಮಿಕ್ ಕಣದೊಳಗೆ ಮೊದಲೇ ದೊಡ್ಡ ಹುಳುಕು ಇರೋ ಸಂಭವ ಹೆಚ್ಚು, ಅದು ಬೇಗ ಸೀಳುತ್ತೆ. ಸೀಳಿದ 60 ಮೈಕ್ರಾನ್ ಕಣ ಅಂದ್ರೆ ರೆಡಿಮೇಡ್ 60 ಮೈಕ್ರಾನ್ ಬಿರುಕು. ಇನ್ನೊಂದು, ಶೇಕಡಾ ಅಷ್ಟೇ ಇದ್ದು ಕಣ ಸಣ್ಣದಾದರೆ ಕಣ-ಕಣದ ನಡುವಿನ ಅಂತರ ಕುಗ್ಗುತ್ತೆ. ಲೋಹದೊಳಗೆ ಹಿಂದೆ ಮುಂದೆ ಜಾರೋ ಪಟ್ಟಿಗಳಿಗೆ ಹೆಜ್ಜೆಹೆಜ್ಜೆಗೂ ತಡೆ. ನಿಖಿಲೇಶ್ ಚಾವ್ಲಾ, ಜಾನ್ ಆಲಿಸನ್ ಮತ್ತು ಸಂಗಡಿಗರು 2080 ಅಲ್ಯೂಮಿನಿಯಂ ಮೇಲೆ 1998ರಲ್ಲಿ ತೋರಿಸಿದ್ದು ಇದನ್ನೇ: ಶೇಕಡಾ ಏರಿದಂತೆ, ಕಣ ಸಣ್ಣದಾದಂತೆ ಫಟೀಗ್ ಆಯುಷ್ಯ ಏರಿತು. ಆದ್ರೆ ಗಮನಿಸಿ, ಅದು ಪೌಡರ್ ಮೆಟಲರ್ಜಿ (ಲೋಹದ ಪುಡಿಯನ್ನೇ ಒತ್ತಿ ಗಟ್ಟಿ ಮಾಡೋದು), ಆಮೇಲೆ ಎಕ್ಸ್‌ಟ್ರೂಷನ್ (ಡೈ ಮೂಲಕ ತಳ್ಳಿ ಹೊರತೆಗೆಯೋದು). ಗಂಟು ಒಡೆದು, ರಂಧ್ರ ಮುಚ್ಚಿದ ವಸ್ತು. ಆ ಫಲಿತಾಂಶವನ್ನು ಮೂಸೆಯಿಂದ ನೇರ ಸುರಿದ ಸರಳಿಗೆ ಅನ್ವಯಿಸಿದಾಗಲೇ ಕೊನೇಸೆಮ್ ಥರದ ಗೊಂದಲ ಹುಟ್ಟೋದು.

ಈಗ ಎರಡನೇ ಕಾಲ. ಬಿರುಕು ಆಗಲೇ ಮಿಲಿಮೀಟರುಗಟ್ಟಲೆ ಉದ್ದ ಇದೆ, ಮೆಲ್ಲಗೆ ಬೆಳೀತಿದೆ. ಡೆಲ್ಟಾ ಕೆ (ಬಿರುಕಿನ ತುದಿಯಲ್ಲಿ ಒತ್ತಡದ ತೀವ್ರತೆಯ ಏರಿಳಿತ) ಕಡಿಮೆ ಇದ್ದಾಗ ಬಿರುಕು ಕಣವನ್ನು ಸೀಳಲ್ಲ, ಬಳಸಿಕೊಂಡು ಹೋಗುತ್ತೆ. ಕಣ ದೊಡ್ಡದಿದ್ದಷ್ಟೂ ದಾರಿ ಅಂಕುಡೊಂಕು, ಮುಖ ಒರಟು. ಭಾರ ಇಳಿದಾಗ ಆ ಒರಟು ಮುಖಗಳು ಒಂದಕ್ಕೊಂದು ತಾಗಿ ನಿಲ್ತವೆ, ಬಿರುಕು ಪೂರ್ತಿ ಮುಚ್ಚೋ ಮೊದಲೇ ಮುಚ್ಚಿದ ಹಾಗೆ. ತುದಿಗೆ ತಲುಪೋ ಏರಿಳಿತ ಕಡಿಮೆ ಆಗುತ್ತೆ. ಅದಕ್ಕೇ ಥ್ರೆಶೋಲ್ಡ್ ಜಾಸ್ತಿ.

ಮೂರನೇ ಕಾಲವೂ ಇದೆ. ಡೆಲ್ಟಾ ಕೆ ಏರಿದಾಗ ತುದಿಯ ಮುಂದಿರೋ ಕಣಗಳೇ ಪಟಪಟ ಸೀಳಿ ಬಿರುಕಿಗೆ ಸೇತುವೆ ಕಟ್ಟಿಕೊಡ್ತವೆ. ಬಿರುಕಿನೆದುರು ನಿಲ್ಲೋ ಗಟ್ಟಿತನ ಈ ವಸ್ತುಗಳಲ್ಲಿ ಮೊದಲೇ ಕಡಿಮೆ, ಆದ್ದರಿಂದ ಇಲ್ಲಿ ಮಾಮೂಲಿ ಅಲ್ಯೂಮಿನಿಯಂ ಗೆಲ್ಲುತ್ತೆ.

ಒಂದೇ ಕಣ, ಮೂರು ಪಾತ್ರ.

ಅನುಮಾನಿ

ಒಪ್ಪಿದೆ. ಹಾಗಾದ್ರೆ ಒತ್ತಡ ಹಿಡಿದು ಮಾಡಿದ ಪರೀಕ್ಷೆಯಲ್ಲಿ ಕಾಂಪೋಸಿಟ್ (ಕಣ ಬೆರೆಸಿದ ಲೋಹ) ಮೇಲು, ಸ್ಟ್ರೇನ್ (ಹಿಗ್ಗು) ಹಿಡಿದು ಮಾಡಿದ್ರೆ ಕೀಳು ಅನ್ನೋದೂ ಇದೇ ಜಾತಿಯ ಗೊಂದಲವಾ?

ತಿರುಗುಬಾಗು

ಅದು ಇನ್ನೂ ಸರಳ. 15% ತೂಕ ಅಂದರೆ ಗಾತ್ರದಲ್ಲಿ 13%. ಚೆನ್ನಾಗಿ ಮಾಡಿದ ವಸ್ತುವಾದರೆ ಮಾಡ್ಯುಲಸ್ (ಹಿಗ್ಗದೆ ತಡೆಯುವ ಗುಣ) 70ರಿಂದ 90 ಜಿಪಿಎ ಹತ್ತಿರ ಹೋಗುತ್ತದೆ. 100 ಎಂಪಿಎ ಹಾಕಿದರೆ ಬರೀ ಅಲ್ಯೂಮಿನಿಯಂ 0.14% ಹಿಗ್ಗುತ್ತದೆ, ಇದು 0.11%. ಅದೇ ಒತ್ತಡ, ಕಡಿಮೆ ಹಿಗ್ಗು, ಹೆಚ್ಚು ಆಯುಷ್ಯ. ಇಬ್ಬರಿಗೂ ಬಲವಂತವಾಗಿ ಒಂದೇ ಹಿಗ್ಗು ಕೊಟ್ಟರೆ ಗಡುಸಿನವನ ಮೇಲೆ ಒತ್ತಡ ಹೆಚ್ಚು, ಬಾಗುವ ಗುಣ ಕಡಿಮೆ, ಮೊದಲು ಸಾಯುತ್ತಾನೆ. ಪಿಸ್ಟನ್ನಿನ ಹಾಗೆ ಬಿಸಿ-ತಂಪಿನಿಂದ ಹಿಗ್ಗು ಹೇರುವ ಜಾಗದಲ್ಲಿ ಎರಡನೇ ಲೆಕ್ಕ ನೋಡಬೇಕು, ತಿರುಗುವ ಶಾಫ್ಟಿನಂಥ ಜಾಗದಲ್ಲಿ ಮೊದಲನೇದು.

ಇದು ನಿಜಕ್ಕೂ ಹಾರಾಡಿದ ವಸ್ತು. ಎಫ್-16 ವಿಮಾನದ ಹೊಟ್ಟೆಯ ಕೆಳಗಿನ ರೆಕ್ಕೆಗಳಿಗೆ 6092 ಅಲ್ಯೂಮಿನಿಯಂನಲ್ಲಿ 17.5% ಸಿಲಿಕಾನ್ ಕಾರ್ಬೈಡ್ ಇರುವ ತಗಡು ಹಾಕಿದರು. ಇಸಿ120 ಹೆಲಿಕಾಪ್ಟರಿನಲ್ಲಿ ರೋಟರ್ ಬ್ಲೇಡಿನ ಬುಡ ಹಿಡಿಯುವ ತೋಳು 2009 ಅಲ್ಯೂಮಿನಿಯಂ, 15% ಕಣ, ಫೋರ್ಜ್ ಮಾಡಿದ್ದು. ಪ್ರತಿ ಸುತ್ತಿಗೂ ದಣಿಯುವ ಭಾಗ ಅದು. ಎರಡೂ ಪೌಡರ್ ದಾರಿಯಲ್ಲಿ ಹುಟ್ಟಿದವು. ಸ್ಟಿರ್ ಕಾಸ್ಟಿಂಗ್ ಸರಳನ್ನು ಹಾಗೇ ತೆಗೆದುಕೊಂಡು ಹೋಗಿ ರೋಟರಿಗೆ ಕಟ್ಟಿದವರು ಯಾರೂ ಇಲ್ಲ.

ಮೂಸೆಮನೆ

ಹಂಗಂತ ನಮ್ಮ ಎರಕ ಕೆಟ್ಟದ್ದೇನಲ್ರಿ! ಪೌಡರ್ ದಾರಿಗೆ ರೊಕ್ಕ ಎಷ್ಟು ಹತ್ತೈತಿ ಹೇಳ್ರಿ. ಎರಕ ಹೊಯ್ದು ಆಮ್ಯಾಲೆ ಎಕ್ಸ್‌ಟ್ರೂಡ್ ಮಾಡಿದ್ರ ಗಂಟ ಒಡೀತೈತಿ, ತೂತು ಮುಚ್ಚತೈತಿ.

ಗುಲಗಂಜಿ

ನಿಜ, ಎರಕ ಕೆಟ್ಟದ್ದಲ್ಲ. ಎಕ್ಸ್‌ಟ್ರೂಡ್ ಮಾಡಿದ್ರೆ ಕಣಗಳು ಹರಿದ ದಿಕ್ಕಿಗೆ ಸಾಲು ಹಿಡೀತವೆ, ಒಂದಿಷ್ಟು ಕಣ ಸೀಳೋದೂ ಉಂಟು. ಆದರೂ ಫಟೀಗ್‌ಗೆ ಲಾಭವೇ ಹೆಚ್ಚು. ಆ ದಿಕ್ಕಿಗೆ ಅಡ್ಡಲಾಗಿ ಮಾತ್ರ ಅಷ್ಟು ಲಾಭ ಸಿಗಲ್ಲ.

ಕೊನೇಸೆಮ್, 6061 ಜೊತೆ ಸಿಲಿಕಾನ್ ಕಾರ್ಬೈಡ್ ಯಾಕೆ ಆರಿಸಿದ್ರಿ?

ಕೊನೇಸೆಮ್

ಸೀನಿಯರ್ಸ್ ಅದನ್ನೇ ಮಾಡಿದ್ರು 😅

ಗುಲಗಂಜಿ

ಊಹಿಸಿದ್ದೆ. ಎಲ್ಲರೂ ಅದನ್ನೇ ಮಾಡ್ತಾರೆ. ಕರಗಿದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಡಿಮೆ ಇದ್ರೆ ಅದು ಸಿಲಿಕಾನ್ ಕಾರ್ಬೈಡನ್ನು ತಿಂದು ಅಲ್ಯೂಮಿನಿಯಂ ಕಾರ್ಬೈಡ್ ಮಾಡುತ್ತೆ. ಕಣದ ಅಂಚಿಗೇ ಕೂರೋ ಪೆಡಸು ವಸ್ತು, ಮೇಲಾಗಿ ತೇವ ತಾಗಿದ್ರೆ ಕರಗಿ ಮೀಥೇನ್ ಬಿಡುತ್ತೆ. 6061ನಲ್ಲಿ ಸಿಲಿಕಾನ್ 1%ಗೂ ಕಡಿಮೆ. ಬಿಸಿ ಹೆಚ್ಚಿದಷ್ಟೂ, ಹಿಡಿದಿಟ್ಟ ಹೊತ್ತು ಹೆಚ್ಚಿದಷ್ಟೂ ಈ ಕಾಟ ಹೆಚ್ಚು. ಅದಕ್ಕೇ ಡ್ಯುರಾಲ್ಕಾನ್ ಕಂಪನಿ ಎರಕದ ಕಾಂಪೋಸಿಟ್ ಮಾರುವಾಗ ಸಿಲಿಕಾನ್ ಕಾರ್ಬೈಡ್ ಜೊತೆ 9% ಸಿಲಿಕಾನ್ ಇರೋ ಎ359 ಕೊಡ್ತಿತ್ತು, 6061 ಜೊತೆ ಅಲ್ಯೂಮಿನಾ ಕಣ ಕೊಡ್ತಿತ್ತು. ಅಲ್ಯೂಮಿನಾಗೂ ಅದರದ್ದೇ ಕಾಟ: ಅದು ಮೆಗ್ನೀಸಿಯಂ ಎಳ್ಕೊಂಡು ಸ್ಪಿನೆಲ್ ಆಗುತ್ತೆ, ವಯಸ್ಸಾಗಿಸಿ ಗಡುಸು ಮಾಡೋಕೆ ಬೇಕಾದ ಮೆಗ್ನೀಸಿಯಂ ಖಾಲಿ.

ಪಾಲಿಶ್ ಮಾಡುವಾಗ ನೀರು ಬಳಸಿದ್ರೆ ಅಲ್ಯೂಮಿನಿಯಂ ಕಾರ್ಬೈಡ್ ತೊಳೆದು ಹೋಗಿ ಕಣದ ಸುತ್ತ ಕಪ್ಪು ಗುಂಡಿ ಕಾಣುತ್ತೆ. ಎಣ್ಣೆ ಅಥವಾ ಆಲ್ಕೋಹಾಲ್ ಆಧಾರದ ಲೂಬ್ರಿಕಂಟ್ ಬಳಸಿ.

ಇನ್ನು ನಿಮ್ಮ 8 ಗಂಟೆ. ಅಲ್ಯೂಮಿನಿಯಂ ತಣಿದಾಗ ಡಿಗ್ರಿಗೆ 23ರ ದರದಲ್ಲಿ ಕುಗ್ಗಿದ್ರೆ ಸಿಲಿಕಾನ್ ಕಾರ್ಬೈಡ್ 4ರ ಹತ್ತಿರ (ಮಿಲಿಯನ್ನಿಗೆ ಇಷ್ಟು ಪಾಲು ಅಂತ ಲೆಕ್ಕ). ನೀರಿಗೆ ಅದ್ದಿದ ಕ್ಷಣ ಕಣದ ಸುತ್ತ ಡಿಸ್‌ಲೊಕೇಷನ್‌ಗಳ (ಲೋಹದ ಅಣುಜೋಡಣೆಯ ತಪ್ಪುಗೆರೆಗಳು) ಜಾತ್ರೆ. ಬಲ ಕೊಡೋ ಸೂಕ್ಷ್ಮ ಹರಳುಗಳು ಆ ಡಿಸ್‌ಲೊಕೇಷನ್‌ಗಳ ಮೇಲೆ ಬೇಗ ಹುಟ್ಟಿ ಬೇಗ ಬೆಳೀತವೆ. ಅಂದ್ರೆ 0%ಗೆ 8 ಗಂಟೆ ಸರಿಯಿದ್ರೆ 15%ಗೆ ಅದು ಆಗಲೇ ಮುದಿತನ ಇರಬಹುದು. ಎಲ್ಲಕ್ಕೂ ಒಂದೇ ಹೊತ್ತು ಕೊಟ್ಟು "ಒಂದೇ ಟಿ6" ಅಂದ್ರೆ ಅದು ಒಂದೇ ಅಲ್ಲ. ಒಂದೊಂದು ಶೇಕಡಾಗೂ ಗಂಟೆಗೊಮ್ಮೆ ಗಡಸುತನ ನೋಡಿ ಶಿಖರ ಹುಡುಕಬೇಕು. ದುಡ್ಡು ಖರ್ಚಿಲ್ಲದ ಕೆಲಸ, ದಯವಿಟ್ಟು ಮಾಡಿ.

ಕೊನೇಸೆಮ್

ಸಾಂದ್ರತೆ ಆರ್ಕಿಮಿಡೀಸ್ ವಿಧಾನದಲ್ಲಿ ನೋಡಿದ್ವಿ. 15%ಗೆ 2.66 ಬಂತು. ಇದು ಒಳ್ಳೇದಾ ಕೆಟ್ಟದ್ದಾ?

ತಿರುಗುಬಾಗು

ನೀವೇ ಲೆಕ್ಕ ಹಾಕಿ. 13% ಸಿಲಿಕಾನ್ ಕಾರ್ಬೈಡ್ 3.2ರಂತೆ, 87% ಅಲ್ಯೂಮಿನಿಯಂ 2.7ರಂತೆ. ಒಟ್ಟು 2.765 ಬರಬೇಕು. ಬಂದದ್ದು 2.66. ಅಂದರೆ ಸುಮಾರು 3.8% ಗಾಳಿ, ಅದೂ ನೀವು ಹಾಕಿದ ಪುಡಿ ಪೂರ್ತಿ ಒಳಗೇ ಉಳಿದಿದೆ ಎಂದುಕೊಂಡರೆ.

ಈಗ ಹುಳುಕಿನ ಅಳತೆಯಿಂದ ಫಟೀಗ್ ಅಂದಾಜಿಸುವ ಮುರಕಾಮಿಯವರ ವಿಧಾನ ನೋಡಿ. ಹುಳುಕನ್ನು ಒತ್ತಡದ ದಿಕ್ಕಿಗೆ ಅಡ್ಡಲಾದ ತಲದ ಮೇಲೆ ನೆರಳು ಹಾಕಿ ವಿಸ್ತೀರ್ಣ ತೆಗೆಯಬೇಕು, ಅದರ ವರ್ಗಮೂಲವೇ ಹುಳುಕಿನ ಅಳತೆ. ಮೇಲ್ಮೈ ಹುಳುಕಾದರೆ ತುದಿಯ ಒತ್ತಡದ ತೀವ್ರತೆ ಕೆ ಅಂದರೆ 0.65 ಗುಣಿಸು ಒತ್ತಡ ಗುಣಿಸು, ಪೈ ಮತ್ತು ಆ ಅಳತೆಯ ಗುಣಲಬ್ಧದ ವರ್ಗಮೂಲ. ನಿಮ್ಮ 100 ಎಂಪಿಎಗೆ 60 ಮೈಕ್ರಾನಿನ ಒಂಟಿ ಸೀಳಿದ ಕಣ 0.9 ಕೊಡುತ್ತದೆ (ಎಂಪಿಎ ಗುಣಿಸು ಮೀಟರಿನ ವರ್ಗಮೂಲ, ಮುಂದಿನವೂ ಹಾಗೇ). 300 ಮೈಕ್ರಾನಿನ ಗಂಟು 2.0. ಅರ್ಧ ಮಿ.ಮೀ. ರಂಧ್ರ 2.6. ಅಲ್ಯೂಮಿನಿಯಂನಲ್ಲಿ ಉದ್ದ ಬಿರುಕು ಬೆಳೆಯತೊಡಗುವುದೇ 2ರ ಆಸುಪಾಸಿನಿಂದ, ಪುಟ್ಟ ಬಿರುಕು ಅದಕ್ಕೂ ಮೊದಲೇ. ಒಂಟಿ ಕಣ ಬಹುಕಾಲ ಸುಮ್ಮನಿರಬಹುದು. ಗಂಟು ಮತ್ತು ರಂಧ್ರ ಮೊದಲ ದಿನದಿಂದಲೇ ಬಿರುಕು. ಹುಟ್ಟುವ ಕಾಲವೇ ಇಲ್ಲ, ನೇರ ಬೆಳೆಯುವ ಕಾಲ. 38 ಸಾವಿರ ಸುತ್ತು ನನಗೆ ಆಶ್ಚರ್ಯವೇ ಅಲ್ಲ.

ಅನುಮಾನಿ

ಹಾಗಾದ್ರೆ 20% ಹಾಕೋ ಐಡಿಯಾ?

ತಿರುಗುಬಾಗು

ಬೇಡ.

ಮೂಸೆಮನೆ

ಬ್ಯಾಡ ಬ್ಯಾಡ.

ಗುಲಗಂಜಿ

ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಕೆಳಗೆ ಇಡುವಾಗ ಎರಡೂ ಮುಖ ಇಡಿ. ಒಂದು ಕಣ ಎರಡೂ ಮುಖದಲ್ಲಿ ಚಪ್ಪಟೆಯಾಗಿ, ಕನ್ನಡಿಯ ಪ್ರತಿಬಿಂಬದಂತೆ ಕಂಡ್ರೆ ಅದು ಸೀಳಿದೆ: ಅಂಟು ಗಟ್ಟಿ, ಕಣ ದುರ್ಬಲ. ಒಂದು ಮುಖದಲ್ಲಿ ಕಣ, ಎದುರು ಮುಖದಲ್ಲಿ ಅದರ ಗುಳಿ ಇದ್ರೆ ಅಂಟು ಬಿಟ್ಟಿದೆ. ಬಿರುಕಿನ ಗೆರೆಗಳು ಬೀಸಣಿಗೆ ಥರ ಹರಡಿರುತ್ತವೆ, ಅವನ್ನು ಹಿಂದಕ್ಕೆ ಹಿಂಬಾಲಿಸಿದ್ರೆ ಹಿಡಿ ಇರೋ ಜಾಗವೇ ಹುಟ್ಟಿದ ಜಾಗ. ಆ ಜಾಗದ ಫೋಟೋ, ಅಳತೆ, ಅಲ್ಲಿ ಏನಿದೆ ಅನ್ನೋದು: ಪ್ರತಿ ಸ್ಯಾಂಪಲ್ಲಿಗೂ ಬರೆದಿಡಿ.

ಕೊನೇಸೆಮ್

ಮೂರು ವಾರ ಆದ ಮೇಲೆ ಬರ್ತಿದ್ದೀನಿ, ಕ್ಷಮಿಸಿ. ಎಸ್‌ಇಎಂ ಸ್ಲಾಟ್ ಸಿಗೋದು ತಿರುಪತಿ ದರ್ಶನದ ಹಾಗೆ.

ಡಯಲ್ ಗೇಜ್ ಇಟ್ಟು ನೋಡಿದ್ವಿ, ಯಂತ್ರ ಸರಿ ಇದೆ. 15%ನ ಮೂರು ಸ್ಯಾಂಪಲ್ ನೋಡಿದ್ವಿ. 38 ಸಾವಿರದ್ದು: ಮೇಲ್ಮೈಗೆ ತಾಗಿದ ರಂಧ್ರ, ಅದರ ಸುತ್ತ ಕಣಗಳ ಗುಂಪು, ಒಟ್ಟು ಅರ್ಧ ಮಿ.ಮೀ. ಹತ್ತಿರ. ಕಣಗಳ ನಡುವೆ ಅಲ್ಯೂಮಿನಿಯಂ ತುಂಬೇ ಇಲ್ಲ, ಮೂಸೆಮನೆ ಸಾರ್ ಹೇಳಿದ ಒಣ ಹಿಟ್ಟು! ನಡುವಿನದು: ಟೂಲ್ ಕಿತ್ತ ಗುಂಡಿಯಿಂದ ಶುರು, ಸುತ್ತ ಗೀರು ಕಾಣುತ್ತೆ. 9 ಲಕ್ಷದ್ದು: ಒಂದೇ ಸೀಳಿದ ಕಣ, ಎರಡೂ ಮುಖದಲ್ಲಿ ಒಂದೇ ಆಕಾರ. ಅದರ ಸುತ್ತ ಗುಂಪು ಇಲ್ಲ.

ರೆಕ್ಕೆ ತೂಕ ಮಾಡಲು ಮೊದಲಿನ ತೂಕವೇ ಬರೆದಿಟ್ಟಿಲ್ಲ. ಆದ್ರೆ ಅಂಚು ಕಣ್ಣಿಗೇ ಕಾಣೋ ಹಾಗೆ ಸವೆದಿದೆ.

ಗಡಸುತನದ ಶಿಖರ 15%ಗೆ 8 ಗಂಟೆಗಿಂತ ಮೊದಲೇ ಬಂತು, 0%ಗೆ ಆಮೇಲೆ.

ಈಗ ಹೊಸ ತಲೆನೋವು. ವರದಿಯಲ್ಲಿ "ಸಿಲಿಕಾನ್ ಕಾರ್ಬೈಡ್ ಶೇಕಡಾ ವಿರುದ್ಧ ಫಟೀಗ್ ಬಲ" ಗ್ರಾಫ್ ಇರಲೇಬೇಕು ಅಂತಾರೆ. ಏನು ಹಾಕಲಿ?

ಅನುಮಾನಿ

ಆ ಗ್ರಾಫ್ ಹಾಕಿ, ಸರಾಸರಿ ಗೆರೆ ಬೇಡ, ಪ್ರತಿ ಸ್ಯಾಂಪಲ್ ಒಂದೊಂದು ಚುಕ್ಕಿ. ಚುಕ್ಕಿಗಳು ಎಷ್ಟು ಚದುರಿವೆ ಅನ್ನೋದೇ ಮಾತಾಡುತ್ತೆ. ಪಕ್ಕದ ಪುಟದಲ್ಲಿ ಇನ್ನೊಂದು: ಅಡ್ಡಕ್ಕೆ ಹುಟ್ಟಿದ ಜಾಗದ ಹುಳುಕಿನ ಅಳತೆ, ಮೇಲಕ್ಕೆ ಲಾಗ್‌ನಲ್ಲಿ ಆಯುಷ್ಯ. ಒಂಬತ್ತು ಹತ್ತು ಚುಕ್ಕಿ ಸಿಕ್ಕರೂ ಸಾಕು, ಯಾವ ಪುಟದಲ್ಲಿ ಚುಕ್ಕಿಗಳು ಸಾಲು ಹಿಡಿದಿವೆ ಅಂತ ಪರೀಕ್ಷಕರೇ ನೋಡಲಿ.

ಗುಲಗಂಜಿ

ಇದು ಚೆನ್ನಾಗಿದೆ. ಮೂರನೇ ಸ್ಯಾಂಪಲ್ಲಿನ ಸೀಳಿದ ಕಣದ ಫೋಟೋ ಕಳಿಸ್ತೀರಾ? ಕಣದ ಅಂಚಿನಲ್ಲಿ ಅಲ್ಯೂಮಿನಿಯಂ ಕಾರ್ಬೈಡ್ ಪದರ ಇದೆಯಾ ಅಂತ ನೋಡ್ಬೇಕು.

ಕೊನೇಸೆಮ್

ಕಳಿಸ್ತೀನಿ ಮೇಡಂ. ಇನ್ನೊಂದು ಬ್ಯಾಚ್ ಮಾಡೋ ಆಸೆ ಇದೆ, ಸಿಲಿಕಾನ್ ಹೆಚ್ಚಿರೋ ಎ356ನಲ್ಲಿ, ಇನ್ನೂ ಸಣ್ಣ 600 ಮೆಶ್ ಪುಡಿ, 10% ಸಾಕು. ಆದ್ರೆ ಕಾಲೇಜ್ ಕುಲುಮೆ ಇನ್ನೊಂದು ಗುಂಪಿಗೆ ಕೊಟ್ಟಾಗಿದೆ.

ಮೂಸೆಮನೆ

ಶನಿವಾರ ಬರ್ರಿ. ನಮ್ಮ ಸಣ್ಣ ಕುಲುಮಿ ಖಾಲಿ ಇರ್ತೈತಿ. ರೆಕ್ಕಿಗೆ ಗ್ರಾಫೈಟ್ ಹಚ್ಚಿಟ್ಟಿರ್ತೀನಿ, ತೂಕಾನೂ ಬರೆದಿಟ್ಟಿರ್ತೀನಿ. ಪುಡಿ ಮಾತ್ರ ಹಿಂದಿನ ದಿನಾನ 900ಕ್ಕ ಹುರಿದು, ಡಬ್ಬಿ ಗಟ್ಟಿ ಮುಚ್ಚಿ ತರ್ರಿ. ಸುರಿಯೋವಾಗ ಚಮಚದಿಂದ, ಒಬ್ಬರು ಉದುರಿಸ್ರಿ, ಒಬ್ಬರು ಗಡಿಯಾರ ನೋಡ್ರಿ. ಊಟಕ್ಕ ಜುಣಕ ಮಾಡಿಸ್ತೀನಿ, ಗಂಟ ಇಲ್ಲದ್ದು.

ಸಾಣೆಕಲ್ಲು

ಸರಳು ನನಗೆ ಕೊರಿಯರ್ ಮಾಡಿ. ಪಿಸಿಡಿ ತುದಿ ಇದೆ. ಉದ್ದುದ್ದಕ್ಕೆ ಉಜ್ಜೋದು ಮಾತ್ರ ನೀವೇ, ನನಗೆ ಭುಜ ನೋವು.